ಕೊಡ ಹಿಗ್ಗಿತು, ಹಗ್ಗ ಕುಗ್ಗಲಿಲ್ಲ

ಗೇಮ್ ತೊದಲಿದರೆ ಮೊದಲು ಬೈಸಿಕೊಳ್ಳುವುದು ರ‍್ಯಾಮ್. ಆದರೆ ಡಬ್ಬದ ಮೇಲೆ ಅಚ್ಚಾದ ಅಂಕಿಯೇ ಮೆಮೊರಿಯ ವೇಗವೇ? ಎಸ್.ಪಿ. ರಸ್ತೆಗೆ ಹೋಗಿ ಬರಿಗೈಯಲ್ಲಿ ಬಂದ ಒಂದು ಶನಿವಾರದ ಲೆಕ್ಕ.

"ಮಾವ, ಐದು ಸಾವಿರ ಕೊಡಿ ಸಾಕು. ಮಿಕ್ಕಿದ್ದು ನಾನೇ ಹೊಂದಿಸ್ಕೋತೀನಿ."

ತಂಗಿಯ ಮಗ ಹೀಗೆ ಪೀಠಿಕೆ ಹಾಕಿದನೆಂದರೆ ಹಿಂದೆ ಏನೋ ಇದೆ ಎಂದೇ ಅರ್ಥ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ರಾತ್ರಿ ಊಟವಾದ ಮೇಲೆ ಗೆಳೆಯರ ಜೊತೆ ವ್ಯಾಲರಂಟ್ ಆಡುತ್ತಾನೆ. ಆಟವೇನೋ ಓಡುತ್ತದೆ. ಆದರೆ ಎದುರಾಳಿ ಗೋಡೆಯ ಮರೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಪರದೆ ತೊದಲುತ್ತದೆ. ತೊದಲು ಮುಗಿಯುವಷ್ಟರಲ್ಲಿ ಇವನು ಸತ್ತಿರುತ್ತಾನೆ. ಯೂಟ್ಯೂಬ್ ನೋಡಿ ರೋಗವನ್ನು ತಾನೇ ಪತ್ತೆ ಮಾಡಿಕೊಂಡಿದ್ದ: ರ‍್ಯಾಮ್ ನಿಧಾನ. ಮದ್ದೂ ಗೊತ್ತಿತ್ತು: ಬಣ್ಣದ ದೀಪ ಮಿನುಗುವ ಹೊಸ ರ‍್ಯಾಮ್.

ಶನಿವಾರ ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವ ಬೆಂಗಳೂರಿಗರಿಗೆ ಆ ರಸ್ತೆಯ ಪರಿಚಯ ಬೇಕಿಲ್ಲ. ಆಳೆತ್ತರಕ್ಕೆ ಪೇರಿಸಿದ ಡಬ್ಬಗಳ ನಡುವೆ ಕೂತಿದ್ದ ಅಂಗಡಿಯವರು ನಾವು ಬಾಯಿ ತೆರೆಯುವ ಮೊದಲೇ ಕೈಯಾಡಿಸಿದರು. "ರ‍್ಯಾಮ್ ರೇಟ್ ಒಂದು ಕೇಳ್ಬೇಡಿ ಸಾರ್. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರಲ್ಲ." ಆಮೇಲೆ ಹುಡುಗನ ಕಡೆ ತಿರುಗಿ, "ಈಗಿರೋದು ಎಷ್ಟರಲ್ಲಿ ಓಡ್ತಿದೆ?" ಎಂದರು.

"3200."

"ಅದು ಡಬ್ಬದ ಮೇಲಿರೋದು ಕಣಪ್ಪಾ. ಓಡ್ತಿರೋದು ಎಷ್ಟು?"

ಹುಡುಗ ನನ್ನ ಮುಖ ನೋಡಿದ. ನಾನು ಅಂಗಡಿಯವರ ಮುಖ ನೋಡಿದೆ. "ಮನೆಗೆ ಹೋಗಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡು. ಆಮೇಲೂ ಬೇಕು ಅನ್ಸಿದ್ರೆ ಬಾ" ಎಂದು ಅವರು ಮುಂದಿನ ಗಿರಾಕಿಯ ಕಡೆ ಹೊರಳಿದರು. ಬಂದ ದುಡ್ಡನ್ನು ಬೇಡವೆನ್ನುವ ವ್ಯಾಪಾರಿಯ ಮಾತಿಗೆ ಬೆಲೆ ಕೊಡಬೇಕು. ವಾಪಸ್ ಬಂದೆವು.

ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿಯ ಪುಟಕ್ಕೆ ಹೋದರೆ ಬಲಗಡೆ ಕೆಳಗೆ ಪುಟ್ಟ ಅಕ್ಷರದಲ್ಲಿ ಬರೆದಿತ್ತು: ವೇಗ 2133. ಕೊಂಡು ಎರಡು ವರ್ಷವಾಗಿತ್ತು. ಅಷ್ಟೂ ದಿನ 3200ರ ರ‍್ಯಾಮ್ 2133ರಲ್ಲೇ ಓಡಿತ್ತು.

ಅಜ್ಜಿಮನೆಯ ನೀರು

ಇದನ್ನು ಅವನಿಗೆ ವಿವರಿಸಲು ನಾನು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಗೆ ಹೋಗಬೇಕಾಯಿತು. ಅಲ್ಲಿ ನೀರಿಗೆ ನಾಲ್ಕು ಠಾವು. ಅಜ್ಜಿಯ ಕೈಯಳತೆಯಲ್ಲಿ ಚೊಂಬು. ಒಲೆಯ ಪಕ್ಕದಲ್ಲಿ ಬಿಂದಿಗೆ. ಬಚ್ಚಲಲ್ಲಿ ಹಂಡೆ. ಹಿತ್ತಲಲ್ಲಿ ಬಾವಿ. ಸಾರಿಗೆ ನೀರು ಬೇಕೆಂದರೆ ಅಜ್ಜಿಯ ಕೈ ಚೊಂಬಿಗೆ ಹೋಗುತ್ತಿತ್ತು. ಅದು ಬರಿದಾಗಿದ್ದರೆ ಬಿಂದಿಗೆಗೆ, ಅದೂ ಬರಿದಾಗಿದ್ದರೆ ಹಂಡೆಗೆ. ಎಲ್ಲೂ ಇಲ್ಲವೆಂದರೆ ನಮ್ಮಲ್ಲೊಬ್ಬರು ಕೊಡ ಹಿಡಿದು ಬಾವಿಗೆ ಓಡಬೇಕು. ಅಲ್ಲಿಯವರೆಗೆ ಒಲೆ ಉರಿಯುತ್ತಿರುತ್ತಿತ್ತು, ಅಜ್ಜಿ ಕೈಕಟ್ಟಿ ನಿಂತಿರುತ್ತಿದ್ದಳು.

ಕಂಪ್ಯೂಟರಿನ ಪ್ರೊಸೆಸರ್ ಆ ಅಜ್ಜಿ. ಚೊಂಬು, ಬಿಂದಿಗೆ, ಹಂಡೆ ಎಂದರೆ ಪ್ರೊಸೆಸರಿನ ಹೊಟ್ಟೆಯೊಳಗೇ ಇರುವ ಮೂರು ಹಂತದ ಕ್ಯಾಶ್ ಮೆಮೊರಿ. ಬಾವಿಯೇ ರ‍್ಯಾಮ್. ಮೊದಲ ಹಂತದ ಕ್ಯಾಶ್‌ನಿಂದ ಮಾಹಿತಿ ಸುಮಾರು ಒಂದು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. ಮೂರನೆಯದರಿಂದ ತರಲು ಹತ್ತರ ಆಸುಪಾಸು ಬೇಕು. ರ‍್ಯಾಮ್‌ವರೆಗೆ ಹೋಗಿ ಬರಲು ಇಂದಿನ ಮನೆಬಳಕೆಯ ಯಂತ್ರಗಳಲ್ಲಿ ಸಾಧಾರಣವಾಗಿ 70ರಿಂದ 80 ನ್ಯಾನೊಸೆಕೆಂಡು ಹಿಡಿಯುತ್ತದೆ. ಇದು ಕಣ್ಣಿಗೆ ಏನೂ ಅಲ್ಲ. ಆದರೆ ಸೆಕೆಂಡಿಗೆ 440 ಕೋಟಿ ಸಲ ಮಿಡಿಯುವ ಪ್ರೊಸೆಸರಿಗೆ 80 ನ್ಯಾನೊಸೆಕೆಂಡ್ ಎಂದರೆ 350 ಮಿಡಿತ ದಂಡ. ಚೊಂಬಿನ ನೀರಿಗೆ ಒಂದು ಸೆಕೆಂಡ್ ಎಂದುಕೊಂಡರೆ ಬಾವಿಯ ನೀರಿಗೆ ಒಂದು ನಿಮಿಷ ಮೀರಿ ಕಾಯಬೇಕು.

ಆಟದ ಲೆಕ್ಕಕ್ಕೆ ಬರೋಣ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಬಾವಿಗೆ ಒಂದಾದ ಮೇಲೊಂದು ಹೋಗುತ್ತಲೇ ಇದ್ದರೆ ಅಷ್ಟರಲ್ಲಿ ಹೆಚ್ಚೆಂದರೆ ಸುಮಾರು ಎರಡು ಲಕ್ಷ ಸಲ ಹೋಗಿ ಬರಬಹುದು, ಬೇರಾವ ಕೆಲಸವನ್ನೂ ಮಾಡದೆ. ಪಂದ್ಯದ ಆಟಗಾರರು ಬಯಸುವಂತೆ 240 ಚಿತ್ರ ಬೇಕೆಂದರೆ ಅದು ಐವತ್ತು ಸಾವಿರದ ಚಿಲ್ಲರೆಗೆ ಇಳಿಯುತ್ತದೆ. ಎದುರಾಳಿ ಎಲ್ಲಿದ್ದಾನೆ, ಗುಂಡು ಯಾವ ಗೋಡೆಗೆ ತಾಗಿತು, ಹೆಜ್ಜೆ ಸದ್ದು ಯಾವ ಕಿವಿಗೆ ಕೇಳಬೇಕು ಎಂಬಂಥ ಸಾವಿರಾರು ಚಿಲ್ಲರೆ ಸಂಗತಿಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಚದುರಿಕೊಂಡಿರುತ್ತವೆ. ಒಂದರ ವಿಳಾಸ ಇನ್ನೊಂದರಲ್ಲಿ ಬರೆದಿರುತ್ತದೆ. ಮೊದಲನೆಯದು ಕೈಗೆ ಬರದೆ ಎರಡನೆಯದಕ್ಕೆ ಹೋಗುವಂತಿಲ್ಲ. ಆಟಗಳಿಗೆ ಮೆಮೊರಿ ಮುಖ್ಯವಾಗುವುದು ಇಲ್ಲಿ.

ಇಪ್ಪತ್ತು ವರ್ಷ, ಅದೇ 10 ನ್ಯಾನೊಸೆಕೆಂಡ್

ಬಾವಿಯೊಳಗೇನಿದೆ? 1960ರ ದಶಕದಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಒಂದು ಬಿಟ್ ಮಾಹಿತಿಯನ್ನು ಒಂದೇ ಟ್ರಾನ್ಸಿಸ್ಟರ್, ಒಂದೇ ಕೆಪಾಸಿಟರಿನಲ್ಲಿ ಹಿಡಿದಿಡುವ ಉಪಾಯ ಕಂಡುಕೊಂಡರು. 1968ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಲ್ಯಾಪ್‌ಟಾಪಿನಿಂದ ಫೋನಿನವರೆಗೆ ಎಲ್ಲ ರ‍್ಯಾಮ್‌ಗಳ ಮೂಲ ಅದೇ. ಕೆಪಾಸಿಟರ್ ವಿದ್ಯುತ್ತನ್ನು ತುಂಬಿಡುವ ಪುಟಾಣಿ ಮಡಕೆ. ಆದರೆ ಅದು ಸೋರುವ ಮಡಕೆ. ಅದಕ್ಕೇ ಡಿಡಿಆರ್4 ತಲೆಮಾರಿನ ರ‍್ಯಾಮಿನಲ್ಲಿ ಪ್ರತಿ ಮಡಕೆಯನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಮತ್ತೆ ತುಂಬಿಸುತ್ತಲೇ ಇರಬೇಕು.

ಈ ಮಡಕೆಗಳು ಸಾಲುಸಾಲಾಗಿ ಕೂತಿರುತ್ತವೆ. ಒಂದನ್ನು ಓದಬೇಕೆಂದರೆ ಮೊದಲು ಆ ಇಡೀ ಸಾಲನ್ನು ತೆರೆಯಬೇಕು, ಆಮೇಲೆ ಅದರಲ್ಲಿ ಬೇಕಾದ ಮನೆಯನ್ನು ಆರಿಸಬೇಕು. ಬೇರೆ ಸಾಲಿಗೆ ಹೋಗುವ ಮುನ್ನ ಇದನ್ನು ಮುಚ್ಚಬೇಕು. ರ‍್ಯಾಮಿನ ಚೀಟಿಯ ಮೇಲೆ 16-18-18-38 ಎಂದು ಮಂತ್ರದಂತೆ ಅಚ್ಚಾಗಿರುತ್ತದಲ್ಲ, ಅದು ಈ ಕೆಲಸಗಳಿಗೆ ಎಷ್ಟೆಷ್ಟು ಮಿಡಿತ ಕಾಯಬೇಕು ಎಂಬ ಪಟ್ಟಿ. ಮೊದಲ ಅಂಕಿಯ ಹೆಸರು ಸಿಎಲ್. ತೆರೆದ ಸಾಲಿನಿಂದ ಮಾಹಿತಿ ಹೊರಬರಲು ಬೇಕಾದ ಮಿಡಿತಗಳು ಅವು.

ಹುಡುಗನ ಕೈಗೆ ಪೆನ್ನು ಕೊಟ್ಟು ಲೆಕ್ಕ ಹಾಕಿಸಿದೆ. ಡಿಡಿಆರ್4-3200ರ ಗಡಿಯಾರ ಸೆಕೆಂಡಿಗೆ 160 ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತದಲ್ಲಿ ಎರಡು ಸಲ ಮಾಹಿತಿ ಸಾಗುವುದರಿಂದ 3200 ಎಂಬ ಹೆಸರು. ಸಿಎಲ್ 16 ಎಂದರೆ 16 ಮಿಡಿತ. ಭಾಗಿಸಿದರೆ 10 ನ್ಯಾನೊಸೆಕೆಂಡ್. ಈಗಿನ ಡಿಡಿಆರ್5-6000, ಸಿಎಲ್ 30: ಅದೂ 10 ನ್ಯಾನೊಸೆಕೆಂಡ್. ಇನ್ನು ನೀನು ಹುಟ್ಟುವ ಮುಂಚಿನ, ನಾನು ಮೊದಲ ಕಂಪ್ಯೂಟರ್ ಕೊಂಡ ಕಾಲದ ಡಿಡಿಆರ್-400 ತಗೊ. ಅದರಲ್ಲಿ ಒಳ್ಳೆಯದೆನಿಸಿದ್ದ ರ‍್ಯಾಮಿನ ಸಿಎಲ್ 2. ಗಡಿಯಾರ 20 ಕೋಟಿ. ಭಾಗಿಸು.

"ಹತ್ತು" ಎಂದ ಹುಡುಗ. ಮತ್ತೆ ಭಾಗಿಸಿದ. ಹತ್ತೇ.

ಹಾಗಾದರೆ ಇಷ್ಟು ವರ್ಷದಲ್ಲಿ ಬೆಳೆದದ್ದೇನು? ಕೊಡದ ಗಾತ್ರ. ಒಂದು ಡಿಡಿಆರ್-400 ಸ್ಟಿಕ್ ಸೆಕೆಂಡಿಗೆ 3.2 ಜಿಬಿ ಹರಿಸುತ್ತಿತ್ತು. ಡಿಡಿಆರ್4-3200 ಹರಿಸುವುದು 25.6 ಜಿಬಿ, ಡಿಡಿಆರ್5-6000 ಹರಿಸುವುದು 48 ಜಿಬಿ. ಹದಿನೈದು ಪಟ್ಟು. ಡಿಡಿಆರ್ ಒಮ್ಮೆಗೆ ಒಳಗಿನಿಂದ ಎರಡೆರಡು ಬಿಟ್ ಎತ್ತುತ್ತಿದ್ದರೆ ಡಿಡಿಆರ್5 ಹದಿನಾರು ಎತ್ತುತ್ತದೆ. ಕೊಡ ಹಿಗ್ಗಿದೆ. ಆದರೆ ಬಾವಿಯ ಆಳ ಅಷ್ಟೇ, ಹಗ್ಗದ ಉದ್ದ ಅಷ್ಟೇ. ಪುಟಾಣಿ ಮಡಕೆಯ ಒಂದಿಷ್ಟೇ ವಿದ್ಯುತ್ತನ್ನು ಉದ್ದ ತಂತಿಯ ತುದಿಯಲ್ಲಿ ನಿಂತು ಗುರುತಿಸಲು ಬೇಕಾದ ವೇಳೆ ತಗ್ಗಿಲ್ಲ. ತಯಾರಕರ ಜಾಣ್ಮೆಯೆಲ್ಲ ಹೆಚ್ಚು ಮಡಕೆಗಳನ್ನು ಕಡಿಮೆ ಜಾಗದಲ್ಲಿ, ಕಡಿಮೆ ಬೆಲೆಗೆ ಕೂರಿಸುವುದಕ್ಕೇ ಹೋಯಿತು. ಪ್ರೊಸೆಸರ್ ಓಡಿ ಮುಂದಾಗುತ್ತಿದೆ, ಮೆಮೊರಿ ಹಿಂದುಳಿಯುತ್ತಿದೆ, ಒಂದು ದಿನ ಎಲ್ಲವೂ ಗೋಡೆಗೆ ಹೋಗಿ ಬಡಿಯುತ್ತದೆ ಎಂದು ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕ್ಕೀ 1995ರಲ್ಲೇ ಪುಟ್ಟದೊಂದು ಪ್ರಬಂಧ ಬರೆದು ಎಚ್ಚರಿಸಿದ್ದರು. 'ಮೆಮೊರಿ ಗೋಡೆ' ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು ಅವರಿಂದಲೇ.

ಬಾಯಾರಿದವನು, ತೋಟದವನು

ಸರಿ, ಕೊಡ ದೊಡ್ಡದಾದರೆ ಆಟಕ್ಕೆ ಲಾಭವೇ ಇಲ್ಲವೇ? ಅದು ನೀರು ಯಾರಿಗೆ ಎನ್ನುವುದರ ಮೇಲಿದೆ. ಪ್ರೊಸೆಸರ್ ಬಾಯಾರಿ ಬಂದವನಂತೆ. ಅವನಿಗೆ ಒಂದು ಲೋಟ ಸಾಕು, ಆದರೆ ಈಗಲೇ ಬೇಕು. ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ ಅಡಿಕೆ ತೋಟಕ್ಕೆ ನೀರು ಬಿಡುವವನಂತೆ. ಮೊದಲ ಹನಿ ಯಾವಾಗ ಬಂತೆಂಬ ಚಿಂತೆ ಅವನಿಗಿಲ್ಲ, ಕಾಲುವೆ ತುಂಬಿ ಹರಿಯುತ್ತಿರಬೇಕು. ಪರದೆಯ ಇಪ್ಪತ್ತು ಲಕ್ಷ ಚುಕ್ಕೆಗಳಿಗೂ ಒಟ್ಟೊಟ್ಟಿಗೆ ಬಣ್ಣ ಹಚ್ಚುವವನಿಗೆ ಬೇಕಾದದ್ದು ಹರಿವು.

ಇದಕ್ಕೆ ಒಳ್ಳೆಯ ಸಾಕ್ಷಿ ಎನ್‌ವಿಡಿಯಾದ ಜಿಟಿ 1030 ಕಾರ್ಡು. 2017ರಲ್ಲಿ ಬಂದಾಗ ಅದರಲ್ಲಿದ್ದದ್ದು ಜಿಡಿಡಿಆರ್5 ಮೆಮೊರಿ. ಹರಿವು ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಇನ್ನೊಂದು ಬಂತು. ಅದರಲ್ಲಿ ಸಾಮಾನ್ಯ ಡಿಡಿಆರ್4, ಹರಿವು 16.8 ಜಿಬಿ. ಎರಡರಲ್ಲೂ ಲೆಕ್ಕ ಮಾಡುವ ಕೋರ್‌ಗಳು 384. ಹೊಸದರ ಗಡಿಯಾರ ತುಸು ತಗ್ಗಿತ್ತು, ಅಷ್ಟೆ. ಆದರೂ ವಿಮರ್ಶಕರು ಪರೀಕ್ಷಿಸಿದಾಗ ಹಲವು ಆಟಗಳಲ್ಲಿ ಹೊಸ ಕಾರ್ಡಿನ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿತ್ತು. ಡಬ್ಬದ ಮೇಲಿನ ಪುಟ್ಟ ಅಕ್ಷರ ಓದದೆ ಕೊಂಡವರು ಮೋಸಹೋದೆವೆಂದು ಕೂಗಾಡಿದ್ದರಲ್ಲಿ ತಪ್ಪೇನಿಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ತನ್ನದೇ ಮೆಮೊರಿ, ತನ್ನದೇ ಕಾಲುವೆ ಇರುತ್ತದೆ. ಅಂಥ ಯಂತ್ರದಲ್ಲಿ ಮದರ್‌ಬೋರ್ಡಿನ ರ‍್ಯಾಮ್ ಪ್ರೊಸೆಸರಿಗಷ್ಟೇ ಮೀಸಲು. ಆದರೆ ನಮ್ಮ ಹುಡುಗನದು ರೈಜೆನ್ 5600ಜಿ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದೆ. ಬೇರೆ ಕಾರ್ಡಿಗೆ ದುಡ್ಡಿಲ್ಲದ ವಿದ್ಯಾರ್ಥಿಗಳು ಹೆಚ್ಚಾಗಿ ಕೊಳ್ಳುವುದು ಇಂಥದ್ದನ್ನೇ. ಇಲ್ಲಿ ಬಾಯಾರಿದವನೂ ತೋಟದವನೂ ಒಂದೇ ಬಾವಿಯ ಕಟ್ಟೆಯ ಮೇಲೆ ನಿಂತಿರುತ್ತಾರೆ. ಸೋನಿಯ ಪಿಎಸ್5ರಲ್ಲೂ ಇಬ್ಬರಿಗೂ ಒಂದೇ ಮೆಮೊರಿ. ಆದರೆ ಅದು ಸೆಕೆಂಡಿಗೆ 448 ಜಿಬಿ ಹರಿಸುವ ಜಿಡಿಡಿಆರ್6. ಇವನ ಯಂತ್ರದಲ್ಲಿ ಎಲ್ಲ ಸರಿಯಿದ್ದರೂ ಸಿಗುವುದು 51.2 ಜಿಬಿ. ರ‍್ಯಾಮಿನ ವೇಗ ಎಲ್ಲಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಇಂಥ ಬಡ ಯಂತ್ರಗಳಲ್ಲೇ. ತಮಾಷೆಯೆಂದರೆ ದುಬಾರಿ ರ‍್ಯಾಮಿನ ಜಾಹೀರಾತುಗಳೆಲ್ಲ ಇರುವುದು ಲಕ್ಷಗಟ್ಟಲೆಯ ಯಂತ್ರ ಇಟ್ಟುಕೊಂಡವರಿಗಾಗಿ.

ಹಂಡೆಯ ಮೇಲೊಂದು ಹಂಡೆ

ಹಗ್ಗ ಗಿಡ್ಡ ಮಾಡಲಾಗದಿದ್ದರೆ ಬಾವಿಗೆ ಹೋಗುವುದನ್ನೇ ಕಡಿಮೆ ಮಾಡಬಹುದಲ್ಲ? 2022ರ ಏಪ್ರಿಲ್‌ನಲ್ಲಿ ಎಎಂಡಿ ಬಿಡುಗಡೆ ಮಾಡಿದ ರೈಜೆನ್ 7 5800ಎಕ್ಸ್3ಡಿ ಮಾಡಿದ್ದು ಇದನ್ನೇ. ಅದರ ಅಣ್ಣ 5800ಎಕ್ಸ್‌ನಲ್ಲಿ ಮೂರನೇ ಹಂತದ ಕ್ಯಾಶ್ 32 ಎಂಬಿ ಇತ್ತು. ಇದರಲ್ಲಿ ಅದರ ನೆತ್ತಿಯ ಮೇಲೆ ಇನ್ನೂ 64 ಎಂಬಿಯ ತೆಳು ಪದರವನ್ನು ಕೂರಿಸಿದರು, ಹಂಡೆಯ ಮೇಲೆ ಹಂಡೆ ಇಟ್ಟಂತೆ. ಒಟ್ಟು 96 ಎಂಬಿ. ಶಾಖ ತಾಳಬೇಕೆಂದು ಗಡಿಯಾರದ ವೇಗವನ್ನು 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಸಬೇಕಾಯಿತು. ವೇಗ ಇಳಿದರೂ ಆಟಗಳಲ್ಲಿ ಅದು ಅಣ್ಣನನ್ನು ಹಿಂದೆ ಹಾಕಿತು. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ನಿಭಾಯಿಸಬೇಕಾದ ಫ್ಯಾಕ್ಟೋರಿಯೊ, ಭೂಮಿಯನ್ನೇ ಪರದೆಗೆ ತರುವ ಫ್ಲೈಟ್ ಸಿಮ್ಯುಲೇಟರ್‌ನಂಥ ಆಟಗಳಲ್ಲಿ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ಮುಂದಿನ ತಲೆಮಾರುಗಳಲ್ಲೂ ಆಟಗಾರರು ಹುಡುಕುವುದು ಹೆಸರಿನ ಕೊನೆಗೆ ಎಕ್ಸ್3ಡಿ ಎಂದಿರುವ ಪ್ರೊಸೆಸರುಗಳನ್ನೇ. ಹಂಡೆ ದೊಡ್ಡದಿರುವ ಆ ಯಂತ್ರಗಳಿಗೆ ರ‍್ಯಾಮಿನ ವೇಗದ ಹಂಗೂ ಕಡಿಮೆ. ಹುಡುಗನ 5600ಜಿಯ ಹಂಡೆಯಾದರೋ ಬರೀ 16 ಎಂಬಿ.

ಸರಾಸರಿಯ ಸುಳ್ಳು

ದುಬಾರಿ ರ‍್ಯಾಮ್ ವ್ಯರ್ಥವಾಗುವ ಕಡೆಗಳೂ ಇವೆ. 4ಕೆ ಪರದೆಯಲ್ಲಿ ಎಲ್ಲ ಅಲಂಕಾರ ಹಚ್ಚಿ ಆಡುವವರಿಗೆ ಗ್ರಾಫಿಕ್ಸ್ ಕಾರ್ಡೇ ಏದುಸಿರು ಬಿಡುತ್ತಿರುತ್ತದೆ. ಪ್ರೊಸೆಸರ್ ಅದಕ್ಕಾಗಿ ಕಾದು ಕೂತಿರುತ್ತದೆ. ಕಾದು ಕೂತವನಿಗೆ ನೀರು ಬೇಗ ತಂದುಕೊಟ್ಟು ಏನುಪಯೋಗ? ಬಲವಾದ ಕಾರ್ಡಿದ್ದು, 1080ಪಿ ಪರದೆಯಲ್ಲಿ ಅಲಂಕಾರ ತಗ್ಗಿಸಿ ನೂರಿನ್ನೂರು ಚಿತ್ರಗಳಿಗೆ ಹಾತೊರೆಯುವ ಪಂದ್ಯದ ಆಟಗಾರರಿಗೆ ರ‍್ಯಾಮಿನ ವೇಗ ಗೋಚರವಾಗುತ್ತದೆ.

ಗೋಚರವಾಗುವುದು ಕೂಡ ಸರಾಸರಿಗಿಂತ ಹೆಚ್ಚಾಗಿ ತಳದಲ್ಲಿ. 60 ಚಿತ್ರಗಳಲ್ಲಿ 59 ಚಿತ್ರ ತಲಾ 10 ಮಿಲಿಸೆಕೆಂಡಿನಲ್ಲಿ ಮೂಡಿ, ಒಂದು ಮಾತ್ರ 100 ತೆಗೆದುಕೊಂಡಿತು ಎನ್ನಿ. ಸರಾಸರಿ ಸೆಕೆಂಡಿಗೆ 87 ಚಿತ್ರ ಎಂದು ಪರದೆಯ ಮೂಲೆಯ ಅಂಕಿ ಹೇಳುತ್ತದೆ. ಆದರೆ ಹುಡುಗ ಸತ್ತದ್ದು ಆ ಒಂದೇ ಚಿತ್ರದಲ್ಲಿ. ಅದಕ್ಕೇ ಈಗಿನ ಪರೀಕ್ಷಕರು ಸರಾಸರಿಯ ಪಕ್ಕದಲ್ಲಿ ತೀರಾ ನಿಧಾನವಾದ ಶೇ 1ರಷ್ಟು ಚಿತ್ರಗಳ ಲೆಕ್ಕವನ್ನೂ ಕೊಡುತ್ತಾರೆ. ಮೆಮೊರಿಯ ಗುಣ, ಅವಗುಣ ಕಾಣುವುದು ಅಲ್ಲಿ.

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಬಾವಿಯಲ್ಲಿ ನೀರೆಷ್ಟಿದೆ ಎಂಬುದು. ಆಟ 12 ಜಿಬಿ ಕೇಳುವಾಗ ಇರುವುದು 8 ಜಿಬಿಯಾದರೆ ಉಳಿದದ್ದನ್ನು ಎಸ್‌ಎಸ್‌ಡಿಯಿಂದ ತರಬೇಕು. ಎಷ್ಟೇ ಒಳ್ಳೆಯ ಎಸ್‌ಎಸ್‌ಡಿಯಾದರೂ ರ‍್ಯಾಮಿಗಿಂತ ನೂರಾರು ಪಟ್ಟು ನಿಧಾನ. ಬಾವಿ ಬತ್ತಿ ಊರಾಚೆಯ ಕೆರೆಗೆ ಕೊಡ ಹೊತ್ತಂತೆ. ಅಂಥವರು 3200ರ 8 ಜಿಬಿ ಬಿಟ್ಟು 3600ರ 8 ಜಿಬಿ ಕೊಂಡರೆ ದುಡ್ಡು ಹೋಯಿತೆಂದೇ ಲೆಕ್ಕ.

ಒಂದು ಸ್ಟಿಕ್, ಒಂದು ಕ್ಲಿಕ್

ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಪಕ್ಕದ ಗಾಜು ಬಿಚ್ಚಿದೆವು. ಮದರ್‌ಬೋರ್ಡಿನಲ್ಲಿ ರ‍್ಯಾಮಿಗೆ ನಾಲ್ಕು ಸ್ಲಾಟ್. ಎಂಟೆಂಟು ಜಿಬಿಯ ಎರಡು ಸ್ಟಿಕ್‌ಗಳು ಅಕ್ಕಪಕ್ಕದ ಸ್ಲಾಟಿನಲ್ಲಿ ಒತ್ತಿಕೊಂಡು ನಿಂತಿದ್ದವು. ನೋಡಲು ಚೆಂದ. ಆದರೆ ಪ್ರೊಸೆಸರಿನಿಂದ ಮೆಮೊರಿಗೆ ಎರಡು ದಾರಿ. ಇಂಥ ಬೋರ್ಡುಗಳಲ್ಲಿ ಪ್ರತಿ ದಾರಿಗೂ ಅಕ್ಕಪಕ್ಕದ ಎರಡೆರಡು ಸ್ಲಾಟ್. ಜೋಡಿಸಿಕೊಟ್ಟವರು ಎರಡು ಸ್ಟಿಕ್ಕನ್ನೂ ಒಂದೇ ದಾರಿಗೆ ಕೂರಿಸಿ, ಇನ್ನೊಂದನ್ನು ಖಾಲಿ ಬಿಟ್ಟಿದ್ದರು. ಬಾವಿಗೆ ಎರಡು ರಾಟೆ ಇದ್ದೂ ಒಂದರಲ್ಲೇ ಸೇದಿದಂತೆ.

ಪ್ಲಗ್ ಕಿತ್ತು, ಮೈಯ ಸ್ಥಾಯೀ ವಿದ್ಯುತ್ ಇಳಿಯಲೆಂದು ಲೋಹದ ಚೌಕಟ್ಟು ಮುಟ್ಟಿ, ಹುಡುಗ ಸ್ಲಾಟಿನ ಕೊಂಡಿ ಒತ್ತಿ ಸ್ಟಿಕ್ ಎತ್ತಿದ. ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ನಡುವಿನಿಂದ ತುಸು ಪಕ್ಕಕ್ಕೆ ಒಂದು ಕಚ್ಚು. ತಿರುವುಮುರುವಾಗಿ ಕೂರದಿರಲೆಂದು ಮಾಡಿದ ಏರ್ಪಾಡು. ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಒಂದೊಂದನ್ನು ಒತ್ತಿದ. ಎರಡೂ ತುದಿ 'ಕಟಕ್' ಎಂದಾಗ ಕೂತಿತು ಎಂದರ್ಥ.

ಇನ್ನೊಂದು ಕೆಲಸ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿತ್ತು. ಡಬ್ಬದ ಮೇಲೆ 3200 ಎಂದಿದ್ದರೂ ಅಂಥ ರ‍್ಯಾಮ್ ಮೊದಲು ಏಳುವುದು ಎಲ್ಲ ಬೋರ್ಡಿಗೂ ಒಗ್ಗುವ ಸುರಕ್ಷಿತ ವೇಗದಲ್ಲಿ. ಇವನದು 2133. ಮಾತುಕೊಟ್ಟ ವೇಗ ಬೇಕೆಂದರೆ ಎಕ್ಸ್‌ಎಂಪಿ ಎಂಬುದನ್ನು ನಾವೇ ಚಾಲೂ ಮಾಡಬೇಕು. ಇಂಟೆಲ್ 2007ರಲ್ಲಿ ತಂದ ಏರ್ಪಾಡಿದು. ಕೆಲವು ಬೋರ್ಡಿನಲ್ಲಿ ಡಿಒಸಿಪಿ ಎಂದಿರುತ್ತದೆ. ಡಿಡಿಆರ್5ಕ್ಕೆ ಎಎಂಡಿ 2022ರಲ್ಲಿ ತಂದದ್ದು ಎಕ್ಸ್‌ಪೊ. ಹುಡುಗ ಒಂದು ಕ್ಲಿಕ್ ಮಾಡಿ ಉಳಿಸಿದ. ಪರದೆ ಕಪ್ಪಾಯಿತು. ಕಂಪ್ಯೂಟರ್ ತಾನಾಗಿ ಆರಿತು, ಹೊತ್ತಿತು, ಮತ್ತೆ ಆರಿತು. ಅವನ ಮುಖ ಬಿಳಿಚಿಕೊಂಡಿತು. ಹೊಸ ವೇಗಕ್ಕೆ ಮೆಮೊರಿಯನ್ನು ಪಳಗಿಸುವಾಗ ಯಂತ್ರ ಹೀಗೆ ಒಂದೆರಡು ಸಲ ಕಣ್ಣು ಮುಚ್ಚಿ ತೆರೆಯುವುದುಂಟು. ಒಗ್ಗದಿದ್ದರೆ ಹೆಚ್ಚಿನ ಬೋರ್ಡುಗಳು ತಾವಾಗಿಯೇ ಹಳೆಯ ವೇಗಕ್ಕೆ ಮರಳುತ್ತವೆ. ಮೂರನೆಯ ಸಲ ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರ್: 3200.

ಕಾಗದದ ಮೇಲೆ ಕೂಡಿ ಕಳೆದು ನೋಡಿದೆವು. ನಿನ್ನೆಯವರೆಗೆ ಒಂದೇ ದಾರಿ, 2133ರ ವೇಗ: ಸೆಕೆಂಡಿಗೆ 17 ಜಿಬಿ. ಇಂದು ಎರಡು ದಾರಿ, 3200: 51.2 ಜಿಬಿ. ಸರಿಯಾಗಿ ಮೂರು ಪಟ್ಟು. ಜಿಟಿ 1030 ಕಾರ್ಡಿನ ಎರಡು ಅವತಾರಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಎರಡು ವರ್ಷ ಇವನು ಕಾಸು ಕೊಟ್ಟು ಕೊಂಡದ್ದು ಒಂದು ಯಂತ್ರ, ಆಡಿದ್ದು ಇನ್ನೊಂದರಲ್ಲಿ. ಖರ್ಚು ಸೊನ್ನೆ ರೂಪಾಯಿ.

ಈ ಸೊನ್ನೆಗೆ ಈಗ ಹಿಂದೆಂದಿಗಿಂತ ಬೆಲೆ ಬಂದಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಎಲ್ಲಕ್ಕಿಂತ ದೊಡ್ಡ ತೋಟದವರು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಆ ಕಡೆ ಕಾಲುವೆ ತಿರುಗಿಸಿದ್ದರಿಂದ 2025ರ ಕೊನೆಗೆ ಬಿಡಿ ರ‍್ಯಾಮಿನ ಬೆಲೆ ಏಕಾಏಕಿ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್, ಮನೆ ಬಳಕೆದಾರರಿಗೆಂದೇ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರವನ್ನು ಮುಚ್ಚುವುದಾಗಿಯೂ ಘೋಷಿಸಿತು. ಅಂಗಡಿಯವರು ರೇಟ್ ಕೇಳಬೇಡಿ ಎಂದದ್ದು ಸುಮ್ಮನೆ ಅಲ್ಲ.

ಆ ರಾತ್ರಿ ಹುಡುಗ ಆಡುವಾಗ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಪರದೆ ತೊದಲಲಿಲ್ಲ. ಗೋಡೆಯ ಮರೆಯಿಂದ ಎದುರಾಳಿ ಹೊರಬಂದ. ಇಬ್ಬರಿಗೂ ಅವನು ಸ್ಪಷ್ಟವಾಗಿ ಕಂಡ. ಹುಡುಗ ಗುರಿಯಿಟ್ಟ, ಹೊಡೆದ, ತಪ್ಪಿತು. ಸತ್ತ.

ಹೆಡ್‌ಫೋನ್ ಕತ್ತಿಗಿಳಿಸಿ ನನ್ನ ಕಡೆ ತಿರುಗಿದ. "ಇನ್ಮೇಲೆ ರ‍್ಯಾಮ್ ಮೇಲೆ ಹಾಕೋಕಾಗಲ್ಲ ಅಲ್ವಾ ಮಾವ?"